ಐಸಿಯು ಬಾಗಿಲಲ್ಲಿ ಯಾರ ಮಾತು

(ಯಲಹಂಕ ಉಪನಗರದಲ್ಲಿ ನೀಡಿದ ದತ್ತಿ ಉಪನ್ಯಾಸದ ಲಿಖಿತ ರೂಪ)



2025ರ ಜನವರಿ 30ರಂದು ಕರ್ನಾಟಕ ಸರ್ಕಾರದ ಆರೋಗ್ಯ ಇಲಾಖೆ ಒಂದು ಸುತ್ತೋಲೆ ಹೊರಡಿಸಿತು. ಘನತೆಯಿಂದ ಸಾಯುವ ಹಕ್ಕಿನ ಬಗ್ಗೆ ಸುಪ್ರೀಂ ಕೋರ್ಟ್ ಕೊಟ್ಟಿರುವ ನಿರ್ದೇಶನಗಳನ್ನು ರಾಜ್ಯದ ಆಸ್ಪತ್ರೆಗಳು ಜಾರಿಗೆ ತರಬೇಕು ಎಂಬುದು ಅದರ ಸಾರ. ಆರೋಗ್ಯ ಸಚಿವ ದಿನೇಶ್ ಗುಂಡೂರಾವ್ ಅದನ್ನು ಪ್ರಕಟಿಸಿದ ಮೇಲೆ ರಾಜ್ಯದಲ್ಲಿ ದಯಾಮರಣಕ್ಕೆ ಅನುಮತಿ ಸಿಕ್ಕೇ ಬಿಟ್ಟಿತು ಎನ್ನುವ ಹಾಗೆ ಸುದ್ದಿ ಹಬ್ಬಿತು. ನಮ್ಮ ಪಾರ್ಕಿನ ಬೆಂಚಿನ ಮೇಲೆ ಕೂರುವ ಹಿರಿಯರೊಬ್ಬರು ನನ್ನನ್ನು ಕರೆದು, "ಲಾಯರ್ ಸಾಹೇಬ್ರೆ, ಆ ಇಂಜೆಕ್ಷನ್ ಯಾವ ಆಸ್ಪತ್ರೇಲಿ ಕೊಡ್ತಾರಂತೆ?" ಎಂದರು. ತಮಾಷೆಗೆ ಕೇಳಿದರೋ ನಿಜಕ್ಕೂ ಕೇಳಿದರೋ ಅವರ ಮುಖ ನೋಡಿದರೆ ಗೊತ್ತಾಗುವಂತಿರಲಿಲ್ಲ.

ಅಂಥ ಇಂಜೆಕ್ಷನ್ ಯಾವ ಆಸ್ಪತ್ರೆಯಲ್ಲೂ ಇಲ್ಲ. ಭಾರತದಲ್ಲಿ ಅದು ಇವತ್ತಿಗೂ ಕೊಲೆ. ಸುತ್ತೋಲೆ ಹೇಳುವುದು ಇಷ್ಟೇ: ಚೇತರಿಸಿಕೊಳ್ಳುವ ಸಾಧ್ಯತೆಯೇ ಇಲ್ಲದ ರೋಗಿಗೆ, ಜೀವವನ್ನು ಯಂತ್ರದಿಂದ ಹಿಡಿದಿಟ್ಟಿರುವ ಚಿಕಿತ್ಸೆಯಿಂದ ಲಾಭವಿಲ್ಲ ಎಂದು ವೈದ್ಯರ ಎರಡು ಮಂಡಳಿಗಳು ಒಪ್ಪಿದರೆ, ರೋಗಿಯ ಅಥವಾ ಅವನ ಪರವಾಗಿ ನಿಂತವರ ಒಪ್ಪಿಗೆ ಇದ್ದರೆ, ಆ ಚಿಕಿತ್ಸೆಯನ್ನು ನಿಲ್ಲಿಸಬಹುದು ಅಥವಾ ಶುರು ಮಾಡದೇ ಇರಬಹುದು. ದಾವಣಗೆರೆಯ ನಿವೃತ್ತ ಶಿಕ್ಷಕಿ ಎಚ್.ಬಿ. ಕರಿಬಸಮ್ಮನವರ ಹೆಸರು ಆ ದಿನಗಳಲ್ಲಿ ಎಲ್ಲ ಪತ್ರಿಕೆಗಳಲ್ಲೂ ಬಂತು. ಬೆನ್ನುಮೂಳೆಯ ನೋವಿನಿಂದ ನರಳುತ್ತಲೇ ಘನತೆಯ ಸಾವಿನ ಹಕ್ಕಿಗಾಗಿ ಎರಡು ದಶಕ ಸರ್ಕಾರಗಳಿಗೆ ಪತ್ರ ಬರೆದು, ಕಚೇರಿ ಅಲೆದು ಹೋರಾಡಿದವರು ಅವರು. ಈ ಸುತ್ತೋಲೆಯ ಮೊದಲ ಫಲಾನುಭವಿ ಅವರೇ ಆಗಬಹುದು ಎಂದೂ ಬರೆದರು. ಆ ಹೋರಾಟಕ್ಕೆ ನಾನು ತಲೆಬಾಗುತ್ತೇನೆ. ಆದರೆ ಸುತ್ತೋಲೆಯನ್ನು ಓದಿದ ವಕೀಲನಾಗಿ ಒಂದು ಮಾತು ಹೇಳಲೇಬೇಕು: ಎಚ್ಚರವಾಗಿ ಕೂತು, ಮಾತಾಡುತ್ತ, ಉಣ್ಣುತ್ತ, ನೋವು ತಾಳಲಾರೆ ಎನ್ನುವವರಿಗೆ ಇದರಲ್ಲಿ ಏನೂ ಇಲ್ಲ. ಯಂತ್ರ ಹಾಕಿಲ್ಲದವರಿಂದ ಯಾವ ಯಂತ್ರವನ್ನು ತೆಗೆಯುವುದು?

ನಾನು ವೈದ್ಯನಲ್ಲ, ದಾರ್ಶನಿಕನೂ ಅಲ್ಲ. ಸಿವಿಲ್ ಕೋರ್ಟಿನಲ್ಲಿ ಕಪ್ಪು ಕೋಟು ಸವೆಸಿದವನು. ಉಯಿಲು, ವಿಭಾಗಪತ್ರ, ದಾನಪತ್ರ ಬರೆಯುವುದು ನನ್ನ ಕಸುಬಾಗಿತ್ತು. ಸಹಕಾರನಗರ, ಆರ್.ಟಿ. ನಗರ, ಮತ್ತಿಕೆರೆ ಕಡೆಯ ಹಿರಿಯರು ಉಯಿಲು ಬರೆಸಲು ಬಂದರೆ ಮೂವತ್ತು-ನಲವತ್ತರ ಸೈಟಿನ ಚಕ್ಕುಬಂದಿಯನ್ನು ಬಾಯಿಪಾಠ ಒಪ್ಪಿಸುತ್ತಾರೆ. ಪೂರ್ವಕ್ಕೆ ಇಂಥವರ ಮನೆ, ಪಶ್ಚಿಮಕ್ಕೆ ರಸ್ತೆ, ತೆಂಗಿನ ಮರದ ಫಸಲು ಯಾರಿಗೆ, ಬ್ಯಾಂಕ್ ಲಾಕರಿನ ಬಳೆ ಯಾವ ಸೊಸೆಗೆ, ಎಲ್ಲ ತೀರ್ಮಾನವಾಗಿರುತ್ತದೆ. "ನಿಮಗೆ ಮಾತು ನಿಂತುಹೋದರೆ ನಿಮ್ಮ ದೇಹದ ಚಕ್ಕುಬಂದಿ ಯಾರ ಕೈಯಲ್ಲಿ?" ಎಂದು ಕೇಳಿದರೆ ಮಾತ್ರ, "ಅದನ್ನೆಲ್ಲ ಈಗ್ಯಾಕೆ ಎತ್ತುತೀರಿ, ಅಪಶಕುನ" ಎಂದು ಎದ್ದು ಹೋಗುತ್ತಾರೆ. ಇವತ್ತಿನ ನನ್ನ ಮಾತು ಆ ಅಪಶಕುನದ ಬಗ್ಗೆ. ಸಾಯುವ ಹಕ್ಕಿನ ಚರ್ಚೆಯನ್ನು ನಾವು ಕೊಲ್ಲಬಹುದೇ ಬಾರದೇ ಎಂಬ ಕಡೆಯಿಂದ ಶುರು ಮಾಡುತ್ತೇವೆ. ನಮ್ಮ ಬಳ್ಳಾರಿ ರಸ್ತೆಯ ಆಸ್ಪತ್ರೆಗಳಲ್ಲಿ ಅದು ಯಾರ ಮಾತು ನಡೆಯಬೇಕು ಎಂಬ ಕಡೆಯಿಂದ ಶುರುವಾಗುತ್ತದೆ, ಸಾಯುತ್ತಿರುವವರ ಮಾತೊಂದನ್ನು ಬಿಟ್ಟು ಉಳಿದವರೆಲ್ಲರ ಮಾತೂ ಅಲ್ಲಿ ನಡೆಯುತ್ತದೆ.

ಕಾನೂನಿನ ಕಥೆಯನ್ನು ಬೇಗ ಮುಗಿಸುತ್ತೇನೆ. ಆತ್ಮಹತ್ಯೆಯ ಯತ್ನಕ್ಕೆ ಶಿಕ್ಷೆ ಹೇಳುತ್ತಿದ್ದ ದಂಡಸಂಹಿತೆಯ 309ನೇ ಕಲಮು ಅಸಾಂವಿಧಾನಿಕ ಎಂದು 1994ರಲ್ಲಿ ಪಿ. ರತಿನಂ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಎರಡೇ ವರ್ಷಕ್ಕೆ, ಜ್ಞಾನ್ ಕೌರ್ ಪ್ರಕರಣದಲ್ಲಿ, ಐವರು ನ್ಯಾಯಮೂರ್ತಿಗಳ ಪೀಠ ಅದನ್ನು ತಿರುಗಿಸಿತು: ಬದುಕುವ ಹಕ್ಕಿನೊಳಗೆ ಸಾಯುವ ಹಕ್ಕು ಇಲ್ಲ. ಆದರೆ ಬದುಕು ತಾನಾಗಿ ಮುಗಿಯುತ್ತಿರುವಾಗ ಆ ಮುಗಿಯುವಿಕೆ ಘನತೆಯಿಂದ ಆಗಬೇಕೆಂಬುದು ಬದುಕುವ ಹಕ್ಕಿನ ಭಾಗವೇ ಎಂದು ಅದೇ ತೀರ್ಪು ಒಂದು ಕಿಂಡಿ ಬಿಟ್ಟಿತು. ಮುಂದಿನದೆಲ್ಲ ಆ ಕಿಂಡಿಯಿಂದಲೇ ಬಂದ ಬೆಳಕು. 309ನೇ ಕಲಮು ಕೂಡ ಈಗ ಇಲ್ಲ. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆ ಅದನ್ನು ಕೈಬಿಟ್ಟಿದೆ. ಒಂಟಿತನದಿಂದಲೋ ಖಿನ್ನತೆಯಿಂದಲೋ ಸಾಕಪ್ಪ ಈ ಬದುಕು ಎನಿಸಿದವರ ಸಂಕಟ ಬೇರೆ ಜಾತಿಯದು. ಅವರಿಗೆ ಬೇಕಾದ್ದು ವಕೀಲನಲ್ಲ, ಕಿವಿಗೊಡುವವರು. ಟೆಲಿ-ಮಾನಸ್ ಸಹಾಯವಾಣಿಯ 14416ಕ್ಕೆ ಯಾವ ಹೊತ್ತಿನಲ್ಲಾದರೂ ಕನ್ನಡದಲ್ಲೇ ಮಾತಾಡಬಹುದು. ಆ ಸಂಖ್ಯೆಯನ್ನು ಈ ಸಭೆಯಲ್ಲಿ ಹೇಳದೆ ಮುಂದೆ ಹೋಗುವುದು ಸರಿಯಲ್ಲ.

ಅರುಣಾ ಶಾನಭಾಗರ ಬಗ್ಗೆ ಮಾತ್ರ ಅವಸರ ಮಾಡಲಾರೆ. ಎಲ್ಲರೂ ಅವರನ್ನು ಮುಂಬೈಯವರು ಎಂದುಕೊಂಡಿದ್ದಾರೆ. ಅವರು ನಮ್ಮ ಉತ್ತರ ಕನ್ನಡದವರು, ಹೊನ್ನಾವರ ತಾಲ್ಲೂಕಿನ ಹಳದೀಪುರದ ಹುಡುಗಿ. ನರ್ಸಿಂಗ್ ಕಲಿತು ಮುಂಬೈಯ ಕೆಇಎಂ ಆಸ್ಪತ್ರೆಯಲ್ಲಿ ಕೆಲಸಕ್ಕೆ ಸೇರಿದ್ದರು, ಅಲ್ಲಿಯ ವೈದ್ಯರೊಬ್ಬರ ಜತೆ ಮದುವೆ ಗೊತ್ತಾಗಿತ್ತು. 1973ರ ನವೆಂಬರ್ 27ರ ಸಂಜೆ ಅದೇ ಆಸ್ಪತ್ರೆಯ ಕಸಗುಡಿಸುವ ನೌಕರನೊಬ್ಬ ನಾಯಿಯ ಸರಪಳಿಯಿಂದ ಅವರ ಕತ್ತು ಬಿಗಿದು ಅತ್ಯಾಚಾರ ಮಾಡಿದ. ಮೆದುಳಿಗೆ ಆಮ್ಲಜನಕ ಹೋಗಲಿಲ್ಲ. ಅವನಿಗೆ ಶಿಕ್ಷೆಯಾದದ್ದು ಸುಲಿಗೆಗೆ ಮತ್ತು ಕೊಲೆ ಯತ್ನಕ್ಕೆ, ಏಳು ವರ್ಷ. ಅತ್ಯಾಚಾರದ ಆರೋಪ ದಾಖಲಾಗಲೇ ಇಲ್ಲ. ಅರುಣಾರ ಶಿಕ್ಷೆ ನಲವತ್ತೊಂದು ವರ್ಷ ದಾಟಿತು. ಕೆಇಎಂನ ಒಂದು ಕೋಣೆಯಲ್ಲಿ ತಲೆಮಾರು ಕಳೆದು ತಲೆಮಾರಿನ ನರ್ಸುಗಳು ಅವರನ್ನು ಮಗುವಿನಂತೆ ನೋಡಿಕೊಂಡರು. ಅಷ್ಟು ವರ್ಷ ಮಲಗಿದ್ದ ಮೈಗೆ ಒಂದು ಹುಣ್ಣೂ ಆಗಲಿಲ್ಲ ಎಂಬುದನ್ನು ಸುಪ್ರೀಂ ಕೋರ್ಟೇ ಬೆರಗಿನಿಂದ ದಾಖಲಿಸಿದೆ. ಹಾಸಿಗೆ ಹಿಡಿದವರನ್ನು ಮನೆಯಲ್ಲಿ ನೋಡಿಕೊಂಡವರಿಗೆ ಈ ಮಾತಿನ ತೂಕ ಗೊತ್ತು.

ಅರುಣಾರ ಬಗ್ಗೆ ಪುಸ್ತಕ ಬರೆದಿದ್ದ ಪತ್ರಕರ್ತೆ ಪಿಂಕಿ ವಿರಾನಿ ಅವರ ಗೆಳತಿಯ ಸ್ಥಾನದಲ್ಲಿ ನಿಂತು, ಅವರಿಗೆ ಆಹಾರ ಕೊಡುವುದನ್ನು ನಿಲ್ಲಿಸಲು ಅಪ್ಪಣೆ ಬೇಡಿದರು. 2011ರ ಮಾರ್ಚ್ 7ರಂದು ನ್ಯಾಯಮೂರ್ತಿ ಮಾರ್ಕಂಡೇಯ ಕಾಟ್ಜು ಮತ್ತು ಜ್ಞಾನ ಸುಧಾ ಮಿಶ್ರಾ ಅವರ ಪೀಠ ಆ ಬೇಡಿಕೆಯನ್ನು ತಳ್ಳಿಹಾಕಿತು. ತಳ್ಳಿಹಾಕಿದ ತೀರ್ಪಿನಲ್ಲೇ, ಹೈಕೋರ್ಟಿನ ಅನುಮತಿ ಪಡೆದು ಜೀವರಕ್ಷಕ ಚಿಕಿತ್ಸೆ ನಿಲ್ಲಿಸಬಹುದು ಎಂಬ ದಾರಿಯನ್ನು ದೇಶಕ್ಕೆ ತೆರೆದಿಟ್ಟಿತು. ಅರುಣಾರ ಸಾವು ಬೇಡಿದ ಅರ್ಜಿಯಿಂದ ಬೇರೆಯವರಿಗೆ ದಾರಿ ಸಿಕ್ಕಿತು. ಅರುಣಾರ ನಿಜವಾದ ಬಂಧುಗಳು ಯಾರು ಎಂಬ ಪ್ರಶ್ನೆ ಬಂದಾಗ ಕೋರ್ಟು, ಊರಿನ ನೆಂಟರಲ್ಲ, ಪುಸ್ತಕ ಬರೆದವರೂ ಅಲ್ಲ, ದಿನವೂ ಉಣ್ಣಿಸಿದ ಆ ನರ್ಸುಗಳು ಎಂದಿತು. ನನ್ನ ಲೆಕ್ಕದಲ್ಲಿ ಆ ತೀರ್ಪಿನ ಅತಿ ಮುಖ್ಯ ಭಾಗ ಇದು. ಪರವಾಗಿ ಮಾತಾಡುವ ಹಕ್ಕು ರಕ್ತದಿಂದಲೇ ಬರಬೇಕಿಲ್ಲ, ಮಲ ಬಳಿದ ಕೈಗೂ ಬರುತ್ತದೆ. 2015ರ ಮೇ 18ರಂದು ನ್ಯುಮೋನಿಯಾದಿಂದ ಅರುಣಾ ತೀರಿಕೊಂಡರು. ಇಷ್ಟೆಲ್ಲದರ ನಡುವೆ ಅವರಿಗೇನು ಬೇಕಿತ್ತು ಎಂಬುದು ಯಾರಿಗೂ ಗೊತ್ತಾಗಲಿಲ್ಲ. ಇಪ್ಪತ್ತೈದರ ಹುಡುಗಿ ಅದನ್ನೆಲ್ಲ ಯಾರ ಹತ್ತಿರ ಹೇಳಿಟ್ಟಿರುತ್ತಾಳೆ?

ಹೇಳಿಡುವುದಕ್ಕೆ ಬೆಲೆ ಬಂದದ್ದು 2018ರ ಮಾರ್ಚ್ 9ರಂದು, ಕಾಮನ್ ಕಾಸ್ ಸಂಸ್ಥೆಯ ಪ್ರಕರಣದಲ್ಲಿ. ಮುಖ್ಯ ನ್ಯಾಯಮೂರ್ತಿ ದೀಪಕ್ ಮಿಶ್ರಾ ಅವರಿದ್ದ ಐವರ ಪೀಠ, ಆರೋಗ್ಯವಾಗಿರುವಾಗಲೇ ಮುಂದಿನ ಚಿಕಿತ್ಸೆಯ ಬಗ್ಗೆ ಬರೆದಿಡುವ ನಿರ್ದೇಶನ ಪತ್ರವನ್ನು ಒಪ್ಪಿತು. ಬದುಕಿರುವಾಗಲೇ ಜಾರಿಗೆ ಬರುವ ಉಯಿಲು ಎನ್ನಿ. ಒಪ್ಪಿದ್ದೇನೋ ಸರಿ, ದಾರಿಯಲ್ಲಿ ಎಷ್ಟು ಗೇಟು ಇಟ್ಟರೆಂದರೆ ಯಾರೂ ದಾಟಲಿಲ್ಲ. ಪತ್ರಕ್ಕೆ ಮ್ಯಾಜಿಸ್ಟ್ರೇಟರ ಸಹಿ ಬೇಕು, ಮಂಡಳಿಯ ವೈದ್ಯರಿಗೆ ಇಪ್ಪತ್ತು ವರ್ಷದ ಅನುಭವ ಬೇಕು, ಎರಡನೇ ಮಂಡಳಿಯನ್ನು ಜಿಲ್ಲಾಧಿಕಾರಿ ನೇಮಿಸಬೇಕು, ಕೊನೆಗೆ ಮ್ಯಾಜಿಸ್ಟ್ರೇಟರೇ ಆಸ್ಪತ್ರೆಗೆ ಬಂದು ರೋಗಿಯನ್ನು ನೋಡಬೇಕು. ಒಂದು ತಾತ್ಕಾಲಿಕ ತಡೆಯಾಜ್ಞೆಗೆ ವಾರಗಟ್ಟಲೆ ಕಾದವನು ನಾನು, ಇದನ್ನು ಓದಿ ನಕ್ಕಿದ್ದೆ. ಐಸಿಯು ವೈದ್ಯರ ಸಂಘವೇ ಮತ್ತೆ ಕೋರ್ಟಿನ ಬಾಗಿಲು ಬಡಿಯಿತು. 2023ರ ಜನವರಿ 24ರಂದು ನ್ಯಾಯಮೂರ್ತಿ ಕೆ.ಎಂ. ಜೋಸೆಫ್ ಅವರಿದ್ದ ಪೀಠ ಗೇಟುಗಳನ್ನು ಸಡಿಲಿಸಿತು. ಈಗ ಎರಡು ಸಾಕ್ಷಿ, ಜತೆಗೆ ನೋಟರಿ ಅಥವಾ ಗೆಜೆಟೆಡ್ ಅಧಿಕಾರಿಯ ಮುದ್ರೆ ಇದ್ದರೆ ಸಾಕು. ಚಿಕಿತ್ಸೆ ಕೊಡುತ್ತಿರುವ ವೈದ್ಯರ ಜತೆ ಐದು ವರ್ಷ ಅನುಭವದ ಇಬ್ಬರು ತಜ್ಞರು ಸೇರಿದರೆ ಮೊದಲ ಮಂಡಳಿ. ಅದರಲ್ಲಿ ಇಲ್ಲದ ಬೇರೆ ತಜ್ಞರು, ಜಿಲ್ಲೆಯ ಆರೋಗ್ಯಾಧಿಕಾರಿ ಸೂಚಿಸಿದ ಒಬ್ಬ ವೈದ್ಯರು ಸೇರಿ ಎರಡನೆಯದು. ಎರಡೂ ಆದಷ್ಟು 48 ಗಂಟೆಯೊಳಗೆ ಅಭಿಪ್ರಾಯ ಹೇಳಬೇಕು. ಮ್ಯಾಜಿಸ್ಟ್ರೇಟರಿಗೆ ತಿಳಿಸಿದರೆ ಸಾಕು, ಅವರು ಬರಬೇಕಿಲ್ಲ. ನಮ್ಮ ಸುತ್ತೋಲೆ ಈ ಏರ್ಪಾಡನ್ನೇ ಕರ್ನಾಟಕದ ಆಸ್ಪತ್ರೆಗಳಿಗೆ ಇಳಿಸಿದೆ.

ಈಗ ಹೆಬ್ಬಾಳಕ್ಕೆ ಬರೋಣ. ಮೇಲ್ಸೇತುವೆ ಇಳಿದು ವಿಮಾನ ನಿಲ್ದಾಣದ ಕಡೆ ಹೊರಟರೆ ರಸ್ತೆಯ ಆಚೆ ಈಚೆ ದೊಡ್ಡ ಆಸ್ಪತ್ರೆಗಳು. ದೊಡ್ಡಬಳ್ಳಾಪುರ, ಚಿಕ್ಕಬಳ್ಳಾಪುರ, ಗೌರಿಬಿದನೂರು, ಆಚೆಯ ಹಿಂದೂಪುರದಿಂದಲೂ ಆಂಬುಲೆನ್ಸುಗಳು ಇಲ್ಲಿಗೇ ನುಗ್ಗುತ್ತವೆ. ಈ ಭಾಗದ ನಿವಾಸಿಗಳದೂ ಒಂದು ವಿಶೇಷ ಇದೆ. ಗಾಲಿ ಕಾರ್ಖಾನೆ, ಬಿಇಎಲ್, ಎಚ್ಎಂಟಿ, ವಾಯುಪಡೆ, ಕೃಷಿ ವಿಶ್ವವಿದ್ಯಾಲಯಗಳಲ್ಲಿ ದುಡಿದು ನಿವೃತ್ತರಾದವರು ಮನೆ ಕಟ್ಟಿಕೊಂಡು ಉಳಿದರು, ಅವರ ಮಕ್ಕಳು ಓದಿ ವಿಮಾನ ಹತ್ತಿದರು. 2008ರಲ್ಲಿ ದೇವನಹಳ್ಳಿಯ ನಿಲ್ದಾಣ ಶುರುವಾದ ಮೇಲೆ ಆ ವಿಮಾನಗಳು ನಮ್ಮ ತಾರಸಿಯ ಮೇಲೇ ಹಾರುತ್ತವೆ.

ಆದ್ದರಿಂದ ನಮ್ಮ ಐಸಿಯುಗಳ ಹೊರಗೆ ಒಂದು ಮಾತು ಮತ್ತೆ ಮತ್ತೆ ಕೇಳುತ್ತದೆ. "ಮಗ ಫ್ಲೈಟ್ ಹತ್ತಿದ್ದಾನೆ ಡಾಕ್ಟ್ರೆ, ನಾಳಿದ್ದು ಬೆಳಗ್ಗೆವರೆಗೂ ಹೇಗಾದ್ರೂ ಇರಿಸ್ಕೊಳ್ಳಿ." ಎಂಬತ್ತೈದರ ತಾಯಿ. ಎರಡನೇ ಸಲದ ಪಾರ್ಶ್ವವಾಯು, ಕಿಡ್ನಿ ಕೈಕೊಟ್ಟಿದೆ. ವರ್ಷವಿಡೀ ನೋಡಿಕೊಂಡ ಮಗಳು, "ಅಮ್ಮನಿಗೆ ಇನ್ನು ಚುಚ್ಚೋದು ಬೇಡ" ಎನ್ನುತ್ತಾಳೆ. ಆಕೆಯ ಮಾತಿಗೆ ಬೆಲೆ ಕಮ್ಮಿ. ಡಲ್ಲಾಸಿನಿಂದ ಬರುವ ಅಣ್ಣ ಬಂದು ನೋಡುವವರೆಗೆ ಡಯಾಲಿಸಿಸ್ಸೂ ಬೇಕು, ವೆಂಟಿಲೇಟರೂ ಬೇಕು. ಅವನು ಕೆಟ್ಟವನಲ್ಲ. ಎಷ್ಟು ದೂರವಿದ್ದನೋ ಅಷ್ಟು ಹಟ. ಇಷ್ಟು ವರ್ಷ ಕೊಡಲಾಗದ್ದನ್ನೆಲ್ಲ ಆ ಮೂರು ದಿನದಲ್ಲಿ ಕೊಟ್ಟುಬಿಡಬೇಕು ಎಂಬ ಆತುರ. ತಾಯಿಯ ಮುಖ ನೋಡುವ ಆಸೆಯನ್ನು ಯಾರೂ ತಪ್ಪೆನ್ನಲಾರರು, ಆಕೆಯೂ ಎಚ್ಚರವಿದ್ದಾಗ ಕೇಳಿದ್ದರೆ ಬಹುಶಃ "ಬರಲಿ, ಕಾಯ್ತೀನಿ" ಎನ್ನುತ್ತಿದ್ದಳೇನೋ. ಕೇಳಿರಲಿಲ್ಲ ಎಂಬುದೇ ನನ್ನ ದೂರು.

ಇನ್ನೊಂದು ಬಗೆಯ ಕುಟುಂಬಕ್ಕೆ ಫ್ಲೈಟಿನ ಮಾತಿಲ್ಲ. ಅಲ್ಲಿ ಮಾತಾಡುವುದು ಬಿಲ್ಲು. ಹಸು ಮಾರಿ, ಒಡವೆ ಅಡವಿಟ್ಟು ತಂದದ್ದು ಮುಗಿದ ದಿನ ದೊಡ್ಡ ಮಗ ಕೌಂಟರಿಗೆ ಬಂದು, "ಬರೆದುಕೊಡ್ತೀವಿ, ಕರ್ಕೊಂಡು ಹೋಗ್ತೀವಿ" ಎನ್ನುತ್ತಾನೆ. ವೈದ್ಯರ ಸಲಹೆಗೆ ವಿರುದ್ಧವಾಗಿ, ಸ್ವಂತ ಜವಾಬ್ದಾರಿಯ ಮೇಲೆ ಕರೆದೊಯ್ಯುತ್ತಿದ್ದೇವೆ ಎಂಬ ಅಚ್ಚಿನ ಕಾಗದಕ್ಕೆ ಸಹಿ. ಎಷ್ಟೋ ಸಲ ವೈದ್ಯರೇ ಮೆಲ್ಲಗೆ ಸೂಚಿಸಿರುತ್ತಾರೆ, "ಇನ್ನೇನೂ ಉಳಿದಿಲ್ಲ, ಮನೆಗೆ ಕರ್ಕೊಂಡು ಹೋಗಿ." ಕಾಗದ ಮಾತ್ರ ವಿರುದ್ಧ ಎನ್ನುತ್ತದೆ. ಆಂಬುಲೆನ್ಸಿನಲ್ಲಿ ಒಬ್ಬ ಹುಡುಗ ಗಾಳಿಚೀಲ ಒತ್ತುತ್ತ ಕೂರುತ್ತಾನೆ. ಊರಿನ ಪಡಸಾಲೆ ಮುಟ್ಟಿದ ಮೇಲೆ ಕೊಳವೆ ತೆಗೆಯುತ್ತಾರೆ. ಮನೆಯವರು ಬಾಯಿಗೆ ನೀರು ಬಿಡುತ್ತಾರೆ. ಉಸಿರು ಎಳೆದು ಎಳೆದು ಹೋಗುವವರೆಗೆ ನೋವಿಗೊಂದು ಔಷಧಿಯಿಲ್ಲ, ಕೈಹಿಡಿದು ಹೇಳುವ ನರ್ಸಿಲ್ಲ.

ಇದನ್ನು ಏನೆಂದು ಕರೆಯುತ್ತೀರಿ? ಚಿಕಿತ್ಸೆ ನಿಲ್ಲಿಸಿದ್ದು ನಿಜ, ಸಾವು ಬಂದದ್ದು ನಿಜ. ಸುಪ್ರೀಂ ಕೋರ್ಟು ಪುಟಗಟ್ಟಲೆ ಬರೆದು ಮಂಡಳಿಯ ಮೇಲೆ ಮಂಡಳಿ ಇಟ್ಟು ಕಾಯುವ ವಿಷಯವನ್ನು ನಾವು ಒಂದು ಹಾಳೆಯ ಮೇಲೆ, ಕ್ಯಾಷ್ ಕೌಂಟರಿನ ಪಕ್ಕ, ದಿನವೂ ಮಾಡಿ ಮುಗಿಸುತ್ತಿದ್ದೇವೆ. ವೈದ್ಯರು ಹೀಗೆ ಮಾಡುವುದಕ್ಕೆ ಭಯ ಕಾರಣ. ನಾಳೆ ಯಾರೋ ಚಿಕ್ಕಪ್ಪನ ಮಗ ಪೊಲೀಸ್ ಠಾಣೆಗೆ ಹೋದರೆ? ಆಸ್ಪತ್ರೆಯ ಗಾಜು ಒಡೆದರೆ? ಅವರ ಕೈ ಕಾಯಲಿ ಎಂದು ಸಹಿಯ ಹೊರೆ ರೈತನ ಮಗನ ತಲೆ ಮೇಲೆ ಬೀಳುತ್ತದೆ, 'ಅಪ್ಪನ್ನ ನಾನೇ ಕೊಂದೆ' ಎಂಬ ಕೊರಗನ್ನು ಅವನು ಸಾಯುವತನಕ ಹೊರುತ್ತಾನೆ. ಅವನು ಕೊಂದದ್ದಲ್ಲ. ರೋಗ ಕೊಂದದ್ದು. ಹಾಗೆಂದು ಹೇಳಬೇಕಾದ ವೈದ್ಯಕೀಯ ಮಂಡಳಿ ಅಲ್ಲಿ ಸೇರಲೇ ಇಲ್ಲ. ಸುತ್ತೋಲೆಗೆ ನನ್ನ ಬೆಂಬಲ ಮುಖ್ಯವಾಗಿ ಈ ಕಾರಣಕ್ಕೆ: ಇಂಥ ತೀರ್ಮಾನ ಆಸ್ಪತ್ರೆಯ ಒಳಗೇ, ವೈದ್ಯರ ಸಹಿಯಲ್ಲಿ, ನೋವಿನ ಔಷಧಿಯ ಜತೆಯಲ್ಲಿ ಆಗಲಿ.

ಪರಂಪರೆಯಲ್ಲಿ ಇದಕ್ಕೆ ಏನಿದೆ ಎಂದು ಕೇಳುವವರು ತಕ್ಷಣ ಭೀಷ್ಮನ ಹೆಸರು ಹೇಳುತ್ತಾರೆ. ಇಚ್ಛಾಮರಣಿ, ಉತ್ತರಾಯಣಕ್ಕೆ ಕಾದವನು. ನನಗೆ ಆ ಕಥೆಯಲ್ಲಿ ಹಿಡಿಸುವುದು ಬೇರೆ ಸಂಗತಿ. ಶರಶಯ್ಯೆಯಲ್ಲಿ ಬಿದ್ದವನ ಬಳಿಗೆ ದುರ್ಯೋಧನ ಬಾಣ ಕೀಳುವುದರಲ್ಲಿ ನುರಿತ ವೈದ್ಯರನ್ನು ಕರೆತರುತ್ತಾನೆ. ಇವರಿಗೆ ಸಲ್ಲಬೇಕಾದ ಹಣ ಕೊಟ್ಟು, ಮರ್ಯಾದೆ ಮಾಡಿ ಕಳುಹಿಸು ಎನ್ನುತ್ತಾನೆ ಭೀಷ್ಮ. ಚಿಕಿತ್ಸೆ ಬೇಡ, ಫೀಜು ಬಾಕಿ ಇರಬಾರದು! ಆದರೆ ತಲೆ ಜೋತುಬಿದ್ದಾಗ ದಿಂಬು ಕೇಳುತ್ತಾನೆ, ಗಂಟಲು ಒಣಗಿದಾಗ ನೀರು ಕೇಳುತ್ತಾನೆ. ಅರಸರು ತಂದ ಮೆತ್ತನೆಯ ದಿಂಬು, ತಣ್ಣೀರಿನ ಕೊಡ ಅವನಿಗೆ ಒಗ್ಗಲಿಲ್ಲ. ಅವನಿಗೆ ಎಂಥದ್ದು ಬೇಕು ಎಂಬುದು ಅರ್ಜುನನಿಗೆ ಗೊತ್ತಿತ್ತು. ಬಾಣಗಳನ್ನೇ ದಿಂಬು ಮಾಡಿದ, ನೆಲ ಸೀಳಿ ನೀರು ಬರಿಸಿದ. ಚಿಕಿತ್ಸೆಯನ್ನು ಬೇಡವೆಂದವನು ಆರೈಕೆಯನ್ನೂ ಬೇಡವೆಂದಂತಲ್ಲ ಎಂಬ ನ್ಯಾಯ ಅಲ್ಲೇ ಇದೆ. ಸಾಯುವವನ ಮನಸ್ಸು ತಿಳಿದ ಒಬ್ಬನಾದರೂ ಪಕ್ಕದಲ್ಲಿರಬೇಕೆಂಬುದೂ ಇದೆ.

ಕರ್ನಾಟಕದ ಕಲ್ಲುಗಳು ಇನ್ನೂ ನೇರವಾಗಿ ಮಾತಾಡುತ್ತವೆ. ಅವು ಶ್ರವಣಬೆಳಗೊಳದ ಚಂದ್ರಗಿರಿಯ ಮೇಲಿವೆ. ಏಳನೇ ಶತಮಾನದ ಆಸುಪಾಸಿನಿಂದ ಮುನಿಗಳು, ಅರಸರು, ಹೆಂಗಸರು ಅನ್ನನೀರು ಬಿಡುತ್ತ ಹೋಗುವ ಜೈನರ ಸಲ್ಲೇಖನ ವ್ರತ ಹಿಡಿದು ದೇಹ ಬಿಟ್ಟದ್ದನ್ನು ಅಲ್ಲಿಯ ಬಂಡೆಗಳು ದಾಖಲಿಸಿವೆ. ಗಂಗರ ದೊರೆ ಮಾರಸಿಂಹ ರಾಜ್ಯ ಬಿಟ್ಟು ಬಂಕಾಪುರದಲ್ಲಿ ಅಜಿತಸೇನಾಚಾರ್ಯರ ಸನ್ನಿಧಿಯಲ್ಲಿ ಹೀಗೇ ತೀರಿಕೊಂಡ. 2015ರ ಆಗಸ್ಟ್ 10ರಂದು ರಾಜಸ್ಥಾನ ಹೈಕೋರ್ಟು ಈ ವ್ರತವನ್ನು ಆತ್ಮಹತ್ಯೆಯ ಸಾಲಿಗೆ ಸೇರಿಸಿತು. ಅದೇ ತಿಂಗಳ 31ರಂದು ಸುಪ್ರೀಂ ಕೋರ್ಟು ಆ ತೀರ್ಪಿಗೆ ತಡೆ ಕೊಟ್ಟಿತು. ವ್ರತ ಯಾವಾಗ ಹಿಡಿಯಬಹುದೆಂದು ಸಮಂತಭದ್ರರ ರತ್ನಕರಂಡಕ ಶ್ರಾವಕಾಚಾರ ಹೇಳುವುದನ್ನು ಓದಿದವರಿಗೆ ಗೊತ್ತು: ಪರಿಹಾರವೇ ಇಲ್ಲದ ಆಪತ್ತು, ಬರ, ಮುಪ್ಪು, ರೋಗ. ಪರಿಹಾರ ಇದ್ದರೆ ಇಲ್ಲ. ಸುಪ್ರೀಂ ಕೋರ್ಟಿನ ಷರತ್ತಿಗೆ ಇದು ಎಷ್ಟು ಹತ್ತಿರ!

ಇನ್ನೂ ಸೂಕ್ಷ್ಮವಾದದ್ದು ತತ್ತ್ವಾರ್ಥಸೂತ್ರದಲ್ಲಿದೆ. ಸಲ್ಲೇಖನದಲ್ಲಿ ಆಗಬಹುದಾದ ಐದು ದೋಷಗಳನ್ನು ಅದು ಹೇಳುತ್ತದೆ. ಬದುಕಬೇಕೆಂಬ ಆಸೆ ಒಂದು ದೋಷ. ಬೇಗ ಸಾಯಬೇಕೆಂಬ ಆಸೆ ಇನ್ನೊಂದು ದೋಷ. ವೆಂಟಿಲೇಟರಿನ ಹಟವನ್ನೂ ಇಂಜೆಕ್ಷನ್ನಿನ ಆತುರವನ್ನೂ ಒಂದೇ ತಕ್ಕಡಿಯಲ್ಲಿಟ್ಟು ಎರಡನ್ನೂ ಬೇಡವೆಂದ ಮಾತು. ನಾನು ಜೈನನಲ್ಲ, ಆ ವ್ರತದ ಧಾರ್ಮಿಕ ಸತ್ಯದ ಬಗ್ಗೆ ಮಾತಾಡಲು ಅಧಿಕಾರವಿಲ್ಲ. ಆದರೆ ಪಶ್ಚಿಮದ ನೀತಿಶಾಸ್ತ್ರಜ್ಞರು ಎರಡು ಪಕ್ಷವಾಗಿ ನಿಂತು ಕಿತ್ತಾಡುವ ಜಾಗದಲ್ಲಿ ಇಲ್ಲಿ ಮೂರನೇ ನಿಲುವೊಂದು ಸಾವಿರ ವರ್ಷದಿಂದ ನಿಂತಿದೆ ಎಂಬುದನ್ನು ಗಮನಿಸದಿದ್ದರೆ ನಷ್ಟ ನಮ್ಮದೇ.

ಪಶ್ಚಿಮದವರ ವಾದವನ್ನೂ ಕೇಳಬೇಕು. ಜೇಮ್ಸ್ ರೇಚಲ್ಸ್ ಎಂಬ ಅಮೆರಿಕದ ದಾರ್ಶನಿಕ 1975ರಲ್ಲಿ ಕೇಳಿದ ಪ್ರಶ್ನೆ ಇಂದಿಗೂ ಚುಚ್ಚುತ್ತದೆ. ಸಾಯಲಿ ಎಂದೇ ಯಂತ್ರ ನಿಲ್ಲಿಸುವುದಕ್ಕೂ ಸಾಯಲಿ ಎಂದು ಸೂಜಿ ಚುಚ್ಚುವುದಕ್ಕೂ ನೀತಿಯ ದೃಷ್ಟಿಯಿಂದ ಏನು ವ್ಯತ್ಯಾಸ? ಉದ್ದೇಶ ಒಂದೇ, ಫಲ ಒಂದೇ. ಮೊದಲನೆಯದರಲ್ಲಿ ನರಳಾಟ ಹೆಚ್ಚು, ಅಷ್ಟೇ. ತರ್ಕವಾಗಿ ಇದಕ್ಕೆ ಸುಲಭದ ಉತ್ತರವಿಲ್ಲ. ನೆದರ್ಲೆಂಡ್ಸ್, ಬೆಲ್ಜಿಯಂ 2002ರಲ್ಲಿ ಸೂಜಿಗೂ ಕಾನೂನು ಜಾರಿಗೆ ತಂದವು. ಕೆನಡಾ 2016ರಲ್ಲಿ ಮಾಡಿ, 2021ರಲ್ಲಿ ಸಾವು ಹತ್ತಿರವಿಲ್ಲದವರಿಗೂ ವಿಸ್ತರಿಸಿತು. ನನ್ನ ಉತ್ತರ ತರ್ಕದ್ದಲ್ಲ, ಸಾಕ್ಷ್ಯದ್ದು. ನ್ಯೂಜೆರ್ಸಿಯ ಕರೆನ್ ಆ್ಯನ್ ಕ್ವಿನ್ಲನ್ ಎಂಬ ಯುವತಿಯ ವೆಂಟಿಲೇಟರ್ ತೆಗೆಯಲು ಅಲ್ಲಿನ ಸುಪ್ರೀಂ ಕೋರ್ಟ್ 1976ರಲ್ಲಿ ಒಪ್ಪಿತು. ತೆಗೆದರು. ಎಲ್ಲರ ಅಂದಾಜನ್ನು ಸುಳ್ಳು ಮಾಡಿ ಆಕೆ ತಾನೇ ಉಸಿರಾಡಿದಳು, 1985ರವರೆಗೆ ಇದ್ದಳು. ಪ್ರಜ್ಞೆ ಮರಳಲಿಲ್ಲ ಎನ್ನುವುದು ಬೇರೆ ಮಾತು. ಯಂತ್ರ ತೆಗೆಯುವವನು ತಪ್ಪಿದ್ದರೆ ದೇಹ ಅದನ್ನು ಹೇಳುತ್ತದೆ, ಸೂಜಿ ಆ ಅವಕಾಶ ಕೊಡುವುದಿಲ್ಲ.

ಇನ್ನೊಂದು ಸಾಕ್ಷ್ಯ ನನ್ನ ಕಸುಬಿನದು. 2007ರ ಹಿರಿಯ ನಾಗರಿಕರ ಪೋಷಣಾ ಕಾಯ್ದೆಯ 23ನೇ ಕಲಮಿನಲ್ಲಿ, ನೋಡಿಕೊಳ್ಳುತ್ತೇನೆಂಬ ಷರತ್ತಿನ ಮೇಲೆ ಆಸ್ತಿ ಬರೆಸಿಕೊಂಡು ನೋಡಿಕೊಳ್ಳದ ಮಕ್ಕಳ ದಾನಪತ್ರವನ್ನು ರದ್ದು ಮಾಡಬಹುದು. ಉಪವಿಭಾಗಾಧಿಕಾರಿಯ ನ್ಯಾಯಮಂಡಳಿಯ ಮುಂದೆ ಆ ಅರ್ಜಿ ಹಿಡಿದು ಕೂತ ತಾಯಂದಿರನ್ನು ಒಮ್ಮೆ ಹೋಗಿ ನೋಡಿ. ಯಲಹಂಕದ ಸುತ್ತ ಎಕರೆಗೆ ಕೋಟಿಗಳ ಬೆಲೆ ಬಂದ ಮೇಲೆ ಆ ಸಾಲು ಬೆಳೆದದ್ದನ್ನು ನಾನು ನೋಡಿದ್ದೇನೆ. 'ನಾನು ಮಕ್ಕಳಿಗೆ ಹೊರೆ, ಹೋದರೆ ಸಾಕು' ಎಂಬ ಮಾತು ಅವರ ಬಾಯಲ್ಲಿ ತಾನಾಗಿ ಹುಟ್ಟಿ ಬಂದದ್ದಲ್ಲ, ವರ್ಷಗಟ್ಟಲೆ ಕೇಳಿಸಿ ಕಲಿಸಿದ್ದು. ಅಂಥ ಮನೆಯಲ್ಲಿ ಸೂಜಿಗೆ ಕೊಡುವ ಒಪ್ಪಿಗೆಯನ್ನು ಸ್ವಂತ ಒಪ್ಪಿಗೆ ಎಂದು ನಾನು ನೋಟರಿ ಮಾಡಲಾರೆ. ಆದ್ದರಿಂದ ಸಕ್ರಿಯ ದಯಾಮರಣದ ಪರ ನಾನಿಲ್ಲ. ಕರಿಬಸಮ್ಮನವರಂಥವರಿಗೆ ಇದು ಅನ್ಯಾಯವಾಗಬಹುದು ಎಂಬುದು ತಿಳಿದೇ ಹೇಳುತ್ತಿದ್ದೇನೆ.

ಆ ಅನ್ಯಾಯವನ್ನು ಕಡಿಮೆ ಮಾಡುವ ದಾರಿ ಒಂದಿದೆ, ಅದು ನೋವಿಗೆ ಮದ್ದು. 1985ರ ಮಾದಕ ವಸ್ತು ಕಾಯ್ದೆಯ ಲೈಸೆನ್ಸುಗಳ ಕಾಟದಿಂದ ಈ ದೇಶದ ಆಸ್ಪತ್ರೆಗಳಲ್ಲಿ ಮಾರ್ಫಿನ್ ಸಿಗುವುದೇ ದುರ್ಲಭವಾಯಿತು. ಗಸಗಸೆ ಬೆಳೆದು ಅಫೀಮನ್ನು ಹೊರದೇಶಕ್ಕೆ ಕಳುಹಿಸುವ ದೇಶದಲ್ಲಿ ಕ್ಯಾನ್ಸರ್ ರೋಗಿ ಹಲ್ಲು ಕಚ್ಚಿ ಸತ್ತ. 2014ರಲ್ಲಿ ಕಾಯ್ದೆ ಸಡಿಲವಾದರೂ ವೈದ್ಯರ ಹಿಂಜರಿಕೆ ಪೂರ್ತಿ ಹೋಗಿಲ್ಲ. ಬೆಂಗಳೂರಿನ ಮಟ್ಟಿಗೆ 1999ರಿಂದ ಗುಣವಾಗದ ಕ್ಯಾನ್ಸರ್ ರೋಗಿಗಳನ್ನು ಒಂದು ಪೈಸೆ ತೆಗೆದುಕೊಳ್ಳದೆ ನೋಡಿಕೊಳ್ಳುತ್ತಿರುವ ಕರುಣಾಶ್ರಯ ಇದೆ. ಅದು ಇಲ್ಲಿಂದ ದೂರ, ಕುಂದಲಹಳ್ಳಿಯ ಕಡೆ. ನಮ್ಮ ಭಾಗದಲ್ಲಿ, 1973ರಲ್ಲಿ ಶುರುವಾದ ಹೆಬ್ಬಾಳದ ಬ್ಯಾಪ್ಟಿಸ್ಟ್ ಆಸ್ಪತ್ರೆಯ ಉಪಶಮನ ಆರೈಕೆಯ ತಂಡ ಮನೆಗಳಿಗೇ ಹೋಗುತ್ತದೆ. ಇಷ್ಟು ದೊಡ್ಡ ಉತ್ತರ ಬೆಂಗಳೂರಿಗೆ ಇದು ಸಾಲದು. ವೆಂಟಿಲೇಟರಿನ ಹಾಸಿಗೆಗೆ ವಿಮೆಯ ಕಂಪನಿ ಸಲೀಸಾಗಿ ದುಡ್ಡು ಕೊಡುತ್ತದೆ, ಮನೆಗೆ ಬರುವ ನರ್ಸಿಗೆ ಕೊಡಲು ಹಿಂದೆ ಮುಂದೆ ನೋಡುತ್ತದೆ. ಚಿಕಿತ್ಸೆ ಬೇಡ ಎನ್ನುವ ಹಕ್ಕನ್ನು ಕೊಟ್ಟು ಆರೈಕೆಯನ್ನು ಕೊಡದಿದ್ದರೆ, ಬಡವನ ಪಾಲಿಗೆ ಆ ಹಕ್ಕು ಕೌಂಟರಿನ ಪಕ್ಕದ ಅದೇ ಅಚ್ಚಿನ ಕಾಗದವಾಗಿ ಉಳಿಯುತ್ತದೆ.

ಇನ್ನು ನಿರ್ದೇಶನ ಪತ್ರ ಬರೆಯುವ ಕೆಲಸ. ಪತ್ರದಲ್ಲಿ ನಿಮ್ಮ ಪರವಾಗಿ ನಿರ್ಧರಿಸುವ ಒಬ್ಬರಿಗಿಂತ ಹೆಚ್ಚು ಜನರನ್ನು ಹೆಸರಿಸಬಹುದು. ದಯವಿಟ್ಟು ದೊಡ್ಡ ಮಗ ಎಂಬ ಒಂದೇ ಕಾರಣಕ್ಕೆ ಹೆಸರಿಸಬೇಡಿ, ನಿಮ್ಮ ಮಾತ್ರೆಯ ಹೆಸರು ಯಾರಿಗೆ ಗೊತ್ತೋ ಅವರನ್ನು ಹೆಸರಿಸಿ. ಬರೆದದ್ದನ್ನು ಅವರಿಗೆ ಓದಿ ಹೇಳಿ. ಬೀರುವಿನಲ್ಲಿ ಉಯಿಲಿನ ಜತೆ ಮುಚ್ಚಿಟ್ಟರೆ ಹದಿಮೂರನೇ ದಿನ ಸಿಗುತ್ತದೆ. ಪತ್ರದ ಪ್ರತಿಯನ್ನು ಸ್ಥಳೀಯ ಸಂಸ್ಥೆ ನೇಮಿಸಿದ ಅಧಿಕಾರಿಯ ವಶಕ್ಕೆ ಕೊಡಬೇಕು ಎನ್ನುತ್ತದೆ ತೀರ್ಪು. 2025ರ ಸೆಪ್ಟೆಂಬರಿನಲ್ಲಿ ಬಿಬಿಎಂಪಿ ಹೋಗಿ ಐದು ಪಾಲಿಕೆಗಳಾದವು, ಯಲಹಂಕ ಉತ್ತರ ನಗರ ಪಾಲಿಕೆಗೆ ಸೇರಿತು. ಖಾತೆಗೆ, ಕಂದಾಯಕ್ಕೆ, ಜನನ ಮರಣ ಪತ್ರಕ್ಕೆ ಕೌಂಟರು ಇರುವ ಹಾಗೆ ಇದಕ್ಕೂ ಒಂದು ಕೌಂಟರು ಇಡಿ, ಅದರ ಮೇಲೆ ಕನ್ನಡದಲ್ಲಿ ಫಲಕ ಹಾಕಿ ಎಂದು ಈ ಸಭೆಯ ಪರವಾಗಿ ಒಂದು ಮನವಿ ಕೊಡುವುದಾದರೆ ಮೊದಲ ಸಹಿ ನನ್ನದು.

ಕೊನೆಯದಾಗಿ, ನನಗೆ ಬಗೆಹರಿಯದ ತೊಡಕೊಂದನ್ನು ನಿಮ್ಮ ಮುಂದಿಡುತ್ತೇನೆ. ಮರೆವಿನ ಕಾಯಿಲೆ. ಎಪ್ಪತ್ತರಲ್ಲಿ ಬುದ್ಧಿ ಚುರುಕಾಗಿರುವಾಗ, 'ನನ್ನ ಮಕ್ಕಳ ಗುರುತು ಸಿಗದ ಸ್ಥಿತಿ ಬಂದರೆ ನ್ಯುಮೋನಿಯಾಕ್ಕೆ ಔಷಧಿ ಕೊಡಬೇಡಿ, ಮೂಗಿಗೆ ಕೊಳವೆ ಹಾಕಬೇಡಿ' ಎಂದು ಬರೆದಿಟ್ಟವನು ಎಂಬತ್ತರಲ್ಲಿ ಯಾರ ಗುರುತೂ ಸಿಗದೆ, ಆದರೆ ಹಾಯಾಗಿ, ಮೊಮ್ಮಗಳ ಹಾಡಿಗೆ ತಲೆದೂಗುತ್ತ ಕೂತಿದ್ದಾನೆ. ಯಾರ ಮಾತು ನಡೆಯಬೇಕು? ಬರೆದವನದೋ, ತಲೆದೂಗುತ್ತಿರುವವನದೋ? ರೊನಾಲ್ಡ್ ಡ್ವೋರ್ಕಿನ್ 1993ರ ಪುಸ್ತಕದಲ್ಲಿ, ಬರೆದವನದೇ ಎಂದ. ಬದುಕಿನ ಒಟ್ಟು ಆಕಾರವನ್ನು ಕಂಡವನು ಅವನೇ ಎಂಬ ವಾದ. ರೆಬೆಕಾ ಡ್ರೆಸರ್ ಎಂಬ ಕಾನೂನು ಪಂಡಿತೆ ಒಪ್ಪಲಿಲ್ಲ, ಎದುರಿಗೆ ಕೂತವನ ಸುಖ ದುಃಖ ಸುಳ್ಳಲ್ಲ ಎಂದರು. ನಮ್ಮ ತೀರ್ಪಿನ ಪ್ರಕಾರ ಪತ್ರವನ್ನು ಯಾವಾಗ ಬೇಕಾದರೂ ಬದಲಿಸಬಹುದು, ಆದರೆ ತಿಳಿವಳಿಕೆ ಇರುವಾಗ, ಬರಹದಲ್ಲಿ. ತಲೆದೂಗುವವನಿಗೆ ಬರಹ ಬಾರದು. ಅರುಣಾ ಶಾನಭಾಗರಿಗೆ ಮೀನು, ಕೋಳಿ ಸಾರು ಕೊಟ್ಟಾಗ ಮುಖದಲ್ಲಿ ನಗು ಬರುತ್ತಿತ್ತು ಎಂದು ಕೆಇಎಂ ಆಸ್ಪತ್ರೆಯವರು ಹೇಳಿದ್ದು ಸುಪ್ರೀಂ ಕೋರ್ಟಿನ ತೀರ್ಪಿನಲ್ಲೇ ಇದೆ. ಕಡಲ ಬದಿಯ ಊರಿನವರಿಗೆ ಮೀನು ಸಾರು. ಅದು ಒಪ್ಪಿಗೆಯೇ, ಬರೀ ನರದ ಮಿಡಿತವೇ?

ನನ್ನ ಪತ್ರವನ್ನು ನಾನು ಬರೆದಿದ್ದೇನೆ. ವೆಂಟಿಲೇಟರ್ ಬೇಡ, ಡಯಾಲಿಸಿಸ್ ಬೇಡ, ನೋವಿಗೆ ಮಾತ್ರ ಏನು ಬೇಕೋ ಅದೆಲ್ಲ ಕೊಡಿ ಎಂದು. ಕೆಳಗೆ ಒಂದು ಸಾಲು ಸೇರಿಸಿದ್ದೇನೆ: ಬುದ್ಧಿ ಹೋದ ಮೇಲೂ ನಾನು ಊಟ ಕೊಟ್ಟರೆ ಬಾಯಿ ತೆರೆಯುತ್ತಿದ್ದರೆ, ಮೇಲೆ ಬರೆದದ್ದಕ್ಕಿಂತ ಆ ಬಾಯಿಯ ಮಾತನ್ನೇ ನಂಬಿ. ನನ್ನ ಮಗಳು ಇದನ್ನು ಒಪ್ಪುವುದಿಲ್ಲ. "ಅಪ್ಪ, ಮೇಲೆ ಒಂದು ಬರೆದು ಕೆಳಗೆ ಇನ್ನೊಂದು ಬರೆದರೆ ನಾನು ಡಾಕ್ಟರಿಗೆ ಏನು ಹೇಳಲಿ?" ಎನ್ನುತ್ತಾಳೆ. ವಕೀಲನಾಗಿ ನೋಡಿದರೆ ಅವಳ ಆಕ್ಷೇಪ ಸರಿ, ಆ ಸಾಲು ಕೋರ್ಟಿನಲ್ಲಿ ನಿಲ್ಲುವುದು ಅನುಮಾನ. ನೋಟರಿಯ ಮುಂದೆಯೂ ಇದೇ ವಾದ ನಡೆಯಿತು. ಸಾಲನ್ನು ನಾನು ಹೊಡೆದುಹಾಕಿಲ್ಲ.